ಒಲೆ ಆರಿದ ಮೇಲೆ ಮನೆ ನೋಡಿ

ಬೀರುವನ್ನು ಗೋಡೆಯಿಂದ ಒಂದು ಗೇಣು ಈಚೆಗೆ ಎಳೆದರೆ ಹಿಂದೆ ಏನಿರುತ್ತದೆ ಎಂದು ಮಳೆ ಬಿಡದ ಲೀಟ್ರಿಮ್ ಗುಡ್ಡಗಳ ಕಡೆಯವರು ಯಾರೂ ಕೇಳುವುದಿಲ್ಲ. ಕಪ್ಪು ಬೂಷ್ಟು ಇರುತ್ತದೆ. ಫರ್ಗಲ್ ಮಲ್ವಿ ಅದನ್ನು ಪ್ರತಿ ಭಾನುವಾರ ಬ್ಲೀಚ್ ಹಾಕಿ ಒರೆಸುತ್ತಿದ್ದ. ಮುಂದಿನ ಭಾನುವಾರದೊಳಗೆ ಅದು ಮತ್ತೆ ಬಂದಿರುತ್ತಿತ್ತು. ಬಾಡಿಗೆ ಮನೆ. ಮಾಲೀಕನಿಗೆ ಹೇಳಿದರೆ ಕಿಟಕಿ ತೆರೆದಿಡಿ ಎನ್ನುತ್ತಿದ್ದ. ತೆರೆದರೆ ಇದ್ದಬದ್ದ ಕಾವೂ ಹೊರಗೆ ಹೋಗುತ್ತಿತ್ತು.

ಆ ಬೀರು ಇದ್ದದ್ದು ಫರ್ಗಲನ ಮಗಳು ರಿಯೋನಾಳ ಕೋಣೆಯಲ್ಲಿ. ಏಳು ವರ್ಷದ ಹುಡುಗಿ. ಹೋದ ಜನವರಿಯಲ್ಲಿ ಉಸಿರು ಕಟ್ಟಿ ನಾಲ್ಕು ದಿನ ಆಸ್ಪತ್ರೆಯಲ್ಲಿದ್ದು ಬಂದಿದ್ದಳು. ಥಂಡಿ ಕೋಣೆಯಲ್ಲಿ, ಬೂಷ್ಟಿನ ನಡುವೆ ಮಲಗಿಸಿದರೆ ಔಷಧಿ ಅರ್ಧ ಕೆಲಸವನ್ನಷ್ಟೇ ಮಾಡುತ್ತದೆ ಎಂದು ವೈದ್ಯೆ ಹೇಳಿ ಕಳಿಸಿದ್ದಳು. ಸೆಪ್ಟೆಂಬರಿನಲ್ಲಿ ಮಾಲೀಕನ ಪತ್ರ ಬಂತು. ಮನೆ ಮಾರುತ್ತಿದ್ದೇನೆ, ಕ್ರಿಸ್‌ಮಸ್‌ಗೆ ಮೊದಲು ಖಾಲಿ ಮಾಡಿ ಎಂದಿತ್ತು. ಫರ್ಗಲ್ ಮತ್ತು ಅವನ ಹೆಂಡತಿ ಊನಾ ವರ್ಷಗಟ್ಟಲೆ ಕೂಡಿಟ್ಟದ್ದು ಒಂದಿಷ್ಟಿತ್ತು, ಬ್ಯಾಂಕು ಸಾಲ ಕೊಡಲು ಒಪ್ಪಿತ್ತು. ಬರುವ ಚಳಿಗಾಲದಲ್ಲಿ ಮಗು ಎಲ್ಲಿ ಮಲಗಬೇಕು ಎಂಬುದೊಂದೇ ಅವರ ಮುಂದಿದ್ದ ಪ್ರಶ್ನೆ.

ಹೀಗಿರುವಾಗ ಮ್ಯಾಟಿ ಮೆಕ್‌ಗೋಲ್ಡ್ರಿಕ್‌ನ ಮನೆ ಮಾರಾಟಕ್ಕೆ ಬಂತು. ಗುಡ್ಡದ ಓರೆಯಲ್ಲಿ, ಕೆರೆಗೆ ಮುಖ ಮಾಡಿ ನಿಂತ ಎರಡಂತಸ್ತಿನ ಕಲ್ಲಿನ ಮನೆ. ಮ್ಯಾಟಿಗೆ ಎಪ್ಪತ್ನಾಲ್ಕು, ಮದುವೆಯಾಗಿಲ್ಲ. ಪೇಟೆಯಲ್ಲಿ ವಯಸ್ಸಾದವರಿಗೆಂದು ಕಟ್ಟಿದ ಒಂದು ಕೋಣೆಯ ಫ್ಲಾಟು ಅವನಿಗೆ ಸಿಕ್ಕಿತ್ತು, ಮನೆ ಮಾರಿ ಅಲ್ಲಿಗೆ ಹೋಗುವವನಿದ್ದ.

ಶನಿವಾರ ಮಧ್ಯಾಹ್ನ ಮೂವರೂ ಮನೆ ನೋಡಲು ಹೋದರು. ಮ್ಯಾಟಿ ಟೈ ಕಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದ. ಅಡುಗೆಮನೆಗೆ ಕಾಲಿಟ್ಟರೆ ಊನಾಳ ಕನ್ನಡಕ ಮಂಜಾಯಿತು, ಅಷ್ಟು ಬೆಚ್ಚಗಿತ್ತು. ಮೂಲೆಯ ದೊಡ್ಡ ಕಬ್ಬಿಣದ ಒಲೆಯಲ್ಲಿ ಜೌಗುನೆಲದಿಂದ ಕಡಿದು ಉರುವಲಿಗೆಂದು ಒಣಗಿಸಿದ ಮಣ್ಣಿನ ಹೆಂಟೆಗಳು ಕೆಂಪಗೆ ಉರಿಯುತ್ತಿದ್ದವು. ಮೇಜಿನ ಮೇಲೆ ಟೀ, ಹಂದಿಮಾಂಸದ ಸ್ಯಾಂಡ್‌ವಿಚ್ಚು, ಒಣದ್ರಾಕ್ಷಿಯ ಬ್ರೆಡ್ಡು. ರಿಯೋನಾ ಯಾರೂ ಹೇಳದೆ ಕೋಟು ಬಿಚ್ಚಿ ಕುರ್ಚಿಯ ಮೇಲೆ ಹಾಕಿದಳು. ಫರ್ಗಲ್ ಮನೆಯ ಬೇರೆ ಏನನ್ನು ನೋಡಿದನೋ ಬಿಟ್ಟನೋ, ಅದನ್ನು ಮಾತ್ರ ನೋಡಿದ.

ಅವನು ಇಪ್ಪತ್ತು ವರ್ಷದಿಂದ ಗಾರೆ ಕೆಲಸ ಮಾಡುವವನು. ಕರಣೆ ಹಿಡಿದ ಕೈಗೆ ಗೋಡೆಯ ಗುಣ ತಿಳಿಯುತ್ತದೆ ಎಂಬುದು ಅವನ ನಂಬಿಕೆ. ಒಲೆಯ ಹಿಂದಿನ ಗೋಡೆಗೆ ಅಂಗೈ ಇಟ್ಟು ಸ್ವಲ್ಪ ಹೊತ್ತು ನಿಂತ. ಬೆಚ್ಚಗೆ, ಒಣಗಿತ್ತು. ಹೊಗೆಗೂಡು ಹಾದುಹೋಗುವ ಗೋಡೆ ಎಲ್ಲ ಮನೆಯಲ್ಲೂ ಬೆಚ್ಚಗೇ ಇರುತ್ತದೆ. ಅದು ಅವನಿಗೆ ಗೊತ್ತಿರಲಿಲ್ಲ ಎಂದಲ್ಲ. ಅವನಿಗೆ ಆ ಮನೆ ಬೇಕಿತ್ತು, ಅಷ್ಟೆ. ಒಲೆಯ ಪಕ್ಕ ನೆಲಹಾಸಿನಲ್ಲಿ ನಾಲ್ಕು ದುಂಡನೆಯ ಗುಳಿಗಳಿದ್ದವು. ಯಾವುದೋ ಮೇಜು ಇತ್ತೇನೋ ಅಂದುಕೊಂಡ. ಮಹಡಿಯ ಕೋಣೆಗಳಲ್ಲಿ ಕರೆಂಟಿನ ಹೀಟರು ಇಟ್ಟಿತ್ತು. ಟೀ ಆರುತ್ತದೆ ಎಂದು ಮ್ಯಾಟಿ ಕೆಳಗಿನಿಂದ ಕೂಗಿದ, ಇವರು ಇಣುಕಿ ನೋಡಿ ಇಳಿದುಬಂದರು.

ಹೊರಡುವ ಮೊದಲು ಮ್ಯಾಟಿ ಹಳೇ ದನದ ಸಂತೆಯ ಪದ್ಧತಿಯಂತೆ ಅಂಗೈಗೆ ಉಗುಳು ಸೋಕಿಸಿ ಕೈ ಚಾಚಿದ. ಫರ್ಗಲನೂ ಹಾಗೇ ಮಾಡಿ ಕುಲುಕಿದ. ಆ ಗುಡ್ಡಗಳಲ್ಲಿ ವಕೀಲನ ಕಾಗದಕ್ಕಿಂತ ಇದು ದೊಡ್ಡದು. ಹೀಗೆ ಕುಲುಕಿದ ಮೇಲೆ ಹಿಂದೆ ಸರಿದವನ ಹೆಸರನ್ನು ಅಂಗಡಿಯಲ್ಲಿ, ಚರ್ಚಿನ ಬಾಗಿಲಲ್ಲಿ ಹತ್ತು ವರ್ಷ ಆಡಿಕೊಳ್ಳುತ್ತಾರೆ.

ವಾಪಸ್ಸು ಬರುವಾಗ ಕಾರಿನಲ್ಲಿ ಊನಾ ಫೋನಿನಲ್ಲಿದ್ದ ಜಾಹೀರಾತನ್ನು ಅವನ ಮುಂದೆ ಹಿಡಿದಳು. ಕೆರೆಯ ಫೋಟೋದ ಕೆಳಗೆ, ಮೂಲೆಯಲ್ಲಿ, ಉಗುರಿನಷ್ಟು ದೊಡ್ಡ ಬಣ್ಣದ ಚೌಕ. ಅದರೊಳಗೆ ಜಿ ಅಕ್ಷರ. ಮನೆಯ ಇಂಧನ ದರ್ಜೆ. ಎ ಅಂದರೆ ಕಡಿಮೆ ಉರುವಲಿನಲ್ಲಿ ಬೆಚ್ಚಗಾಗುವ ಮನೆ, ಜಿ ಅಂದರೆ ಎಷ್ಟು ಸುಟ್ಟರೂ ಸಾಲದ ಮನೆ. ಮಾರುವವರು ಜಾಹೀರಾತಿನಲ್ಲಿ ಇದನ್ನು ಹಾಕಲೇಬೇಕೆಂದು ಕಾನೂನಿದೆ, ಹಾಗಾಗಿ ಹಾಕುತ್ತಾರೆ. ಜನ ಇದನ್ನು ಸಿಗರೇಟು ಪ್ಯಾಕಿನ ಮೇಲಿನ ಎಚ್ಚರಿಕೆಯ ಹಾಗೆ ನೋಡುತ್ತಾರೆ. ಅಂದರೆ ನೋಡುವುದಿಲ್ಲ.

"ನಂಗೂ ಸ್ಕೂಲಲ್ಲಿ ಕಡೇ ಅಕ್ಷರಾನೇ ಬರ್ತಿತ್ತು," ಅಂದ ಫರ್ಗಲ್. "ಆದ್ರೂ ನನ್ನ ಕಟ್ಕೊಂಡೆ."

"ಕಟ್ಕೊಂಡ ಮೇಲಲ್ವಾ ಗೊತ್ತಾಗಿದ್ದು," ಅಂದಳು ಊನಾ.

ಅವಳು ಅಲ್ಲಿಗೆ ಬಿಡಲಿಲ್ಲ. ಸೋಮವಾರ ಮನೆ ದಲ್ಲಾಳಿಗೆ ಫೋನು ಮಾಡಿ ಅಕ್ಷರವೊಂದೇ ಸಾಲದು, ಪ್ರಮಾಣಪತ್ರವೂ ಬೇಕು, ಅದರ ಜೊತೆಗಿರುವ ಸಲಹೆಯ ಹಾಳೆಗಳೂ ಬೇಕು ಎಂದು ಕೇಳಿದಳು. ಇದುವರೆಗೆ ಯಾರೂ ಕೇಳಿರಲಿಲ್ಲ ಎಂದು ಗೊಣಗುತ್ತ ಅವನು ಕಳಿಸಿದ. ಆಮೇಲೆ ನೂಲಾ ಕೀವ್ನಿಯನ್ನು ಕರೆದಳು. ನೂಲಾ ಫರ್ಗಲನ ಜೊತೆ ಶಾಲೆಯಲ್ಲಿ ಓದಿದವಳು. ಈಗ ಪುಟ್ಟ ಕಾರಿನ ತಲೆಯ ಮೇಲೆ ಏಣಿ ಕಟ್ಟಿಕೊಂಡು ಊರೂರು ತಿರುಗಿ ಮನೆಗಳಿಗೆ ದರ್ಜೆ ಹಾಕುವ ಕೆಲಸ ಮಾಡುತ್ತಾಳೆ. ಮ್ಯಾಟಿಯ ಮನೆಗೆ ದರ್ಜೆ ಹಾಕಿದ್ದು ಅವಳಲ್ಲ, ಬೇರೆ ಯಾರೋ. ಗುರುವಾರ ಸಂಜೆ ಬಂದು ಕೂತಳು. ಕರಾರಿಗೆ ಸಹಿ ಹಾಕಲು ಇನ್ನು ಎಂಟು ದಿನ ಇತ್ತು.

ಬಂದ್ರಪ್ಪ ಅಕ್ಷರದ ಮೇಡಮ್ಮು ಎಂದು ಫರ್ಗಲ್ ಬಾಗಿಲಲ್ಲೇ ಕಿಚಾಯಿಸಿದ. ನೂಲಾ ಅದಕ್ಕೆ ಉತ್ತರ ಕೊಡದೆ ಮೊದಲು ಪ್ರಮಾಣಪತ್ರದ ತಾರೀಖು ನೋಡಿದಳು. ಹತ್ತು ವರ್ಷದವರೆಗೆ ನಡೆಯುತ್ತದೆ, ಇದು ಮೂರು ವರ್ಷದ ಹಿಂದಿನದು, ನಂಬಬಹುದು ಅಂದಳು. ಆಮೇಲೆ ಒಂದೊಂದೇ ಸಾಲು ಓದಿದಳು. ಎರಡಡಿ ದಪ್ಪದ ಕಲ್ಲಿನ ಗೋಡೆ, ಶಾಖ ತಡೆಯುವ ಪದರವಿಲ್ಲ. ಅಟ್ಟದಲ್ಲೂ ಇಲ್ಲ. ಕಿಟಕಿಗಳಿಗೆ ಒಂದೇ ಗಾಜು. ಕಾವಿಗೆ ಅಡುಗೆಮನೆಯ ಒಲೆ ಒಂದೇ. ಕೊನೆಯಲ್ಲಿ ಏನೇನು ಸರಿಮಾಡಿದರೆ ದರ್ಜೆ ಎಷ್ಟು ಮೇಲೇರುತ್ತದೆ ಎಂಬ ಸಲಹೆ ಇತ್ತು. ಅದೂ ಎರಡು ಹಾಳೆ.

ಇದೆಲ್ಲ ಕಂಪ್ಯೂಟರಿನ ಲೆಕ್ಕ ಎಂದು ಫರ್ಗಲ್ ಅಂದ. ಇಡೀ ಮನೆಯನ್ನು ಬೆಚ್ಚಗಿಡಲು ಎಷ್ಟು ಸುಡಬೇಕು ಎಂದು ಇವರು ಹೇಳುತ್ತಾರೆ, ಆದರೆ ಈ ಸೀಮೆಯಲ್ಲಿ ಇಡೀ ಮನೆಯನ್ನು ಯಾರು ಬೆಚ್ಚಗಿಡುತ್ತಾರೆ?

"ಸರಿ, ಇಡಬೇಡ," ಅಂದಳು ನೂಲಾ. "ಯಾವ ಕೋಣೆ ತಣ್ಣಗೆ ಬಿಡ್ತೀಯ, ಅದನ್ನ ಹೇಳು. ರಿಯೋನಾ ಮಲಗೋದು ಯಾವ ಕೋಣೇಲಿ?"

ಪಕ್ಕದ ಕೋಣೆಯಲ್ಲಿ ಮಗು ಕೆಮ್ಮುತ್ತಿತ್ತು. ಮೂವರಿಗೂ ಕೇಳಿಸುತ್ತಿತ್ತು.

ಆಮೇಲೆ ಅವನು ತನ್ನ ಕಸುಬಿನ ಮಾತು ಎತ್ತಿದ. ಒಳಗಿನಿಂದ ಕಾವು ತಡೆಯುವ ಹಲಗೆ ಹೊಡೆದು ಗಾರೆ ಬಳಿದರಾಯಿತು, ಮೂರು ವಾರದ ಕೆಲಸ, ಕೂಲಿ ಇಲ್ಲ, ತಾನೇ ಮಾಡುತ್ತೇನೆ ಅಂದ. ನೀರು ಕುಡಿದ ಕಲ್ಲಿನ ಮೇಲೆ, ಅದು ಒಣಗುವ ಮೊದಲು ಹಲಗೆ ಹೊಡೆದರೆ ಏನಾಗುತ್ತದೆ ಎಂದು ನೂಲಾ ಅವನನ್ನೇ ಕೇಳಿದಳು. ಹಿಂದೆ ಬೂಷ್ಟು ಬೆಳೆಯುತ್ತದೆ. ಅದನ್ನು ಬೇರೆಯವರ ಮನೆಗಳಲ್ಲಿ ಅವನೇ ಎಷ್ಟೋ ಸಲ ಕಿತ್ತು ತೆಗೆದಿದ್ದ.

"ಬೀರು ಹಿಂದಿಂದು ಕಣ್ಣಿಗಾದ್ರೂ ಕಾಣುತ್ತೆ. ಹಲಗೆ ಹಿಂದಿಂದು ಕಾಣಲ್ಲ, ಎದೇಲಿ ಗೊತ್ತಾಗುತ್ತೆ," ಅಂದಳು ನೂಲಾ.

ಗೋಡೆ ಒಣಗಲು ಒಂದು ಬೇಸಿಗೆ ಬೇಕು ಎಂದು ಅವಳು ವಿವರಿಸಿದಳು. ಇಂಥ ಕೆಲಸಕ್ಕೆ ಸರ್ಕಾರ ಸಹಾಯಧನ ಕೊಡುತ್ತದೆ, ಆದರೆ ಮೊದಲು ಅರ್ಜಿ ಹಾಕಿ ಒಪ್ಪಿಗೆ ಬಂದಮೇಲೇ ಮೊಳೆ ಹೊಡೆಯಬೇಕು. ಕೆಲಸ ಶುರುಮಾಡಿ ಆಮೇಲೆ ಕೇಳಿದರೆ ಬಿಡಿಗಾಸೂ ಬರುವುದಿಲ್ಲ. ಈ ಕೊನೆಯ ಮಾತು ಇಪ್ಪತ್ತು ವರ್ಷದ ಕಸುಬಿನವನಿಗೆ ಗೊತ್ತಿರಲಿಲ್ಲ.

ಉಳಿದದ್ದು ಒಂದೇ ಮಾತು. "ಕೈ ಕುಲುಕಿದ್ದೀನಿ," ಅಂದ ಫರ್ಗಲ್. ಕರಾರಿಗೆ ಸಹಿ ಬೀಳುವ ತನಕ ಯಾರು ಬೇಕಾದರೂ ಹಿಂದೆ ಸರಿಯಬಹುದು, ದಲ್ಲಾಳಿಗೆ ಕೊಟ್ಟ ಮುಂಗಡವೂ ವಾಪಸ್ಸು ಬರುತ್ತದೆ ಎಂದು ನೂಲಾ ತಿಳಿಸಿದಳು. ಮುಂಗಡ ಬರುತ್ತದೆ, ಮರ್ಯಾದೆ ಬರುವುದಿಲ್ಲ ಎಂದು ಅವನು ಮುಖ ತಿರುಗಿಸಿದ.

ನೂಲಾ ಎದ್ದು ಕೋಟು ಹಾಕಿಕೊಂಡಳು. "ನನ್ನ ಮಾತು ನಂಬಬೇಡ ಮಾರಾಯ. ಆ ಕಾಗದಾನೂ ನಂಬಬೇಡ. ಹೇಳದೆ ಕೇಳದೆ ಒಂದಿನ ಬೆಳಗ್ಗೆ ಹೋಗು. ಒಲೆ ಆರಿದ ಮೇಲೆ ನೋಡು."

ಮಂಗಳವಾರ ಬೆಳಗ್ಗೆ ಒಂಬತ್ತಕ್ಕೆ ಫರ್ಗಲ್ ಹೋದ. ಮೂರು ದಿನದಿಂದ ಬಿಡದೆ ಮಳೆ. ಕಪಾಟಿಗೆ ಅಳತೆ ತೆಗೆಯಬೇಕಿತ್ತು ಎಂಬ ನೆಪ ಇಟ್ಟುಕೊಂಡು ಟೇಪು ಹಿಡಿದಿದ್ದ. ಬಾಗಿಲು ತೆರೆಯಲು ಮ್ಯಾಟಿ ತುಂಬ ಹೊತ್ತು ತೆಗೆದುಕೊಂಡ. ಮೈಮೇಲೆ ಓವರ್‌ಕೋಟು, ತಲೆಗೆ ಉಣ್ಣೆ ಟೋಪಿ. ಮುಖ ಕ್ಷೌರ ಮಾಡಿರಲಿಲ್ಲ. ಒಳಗೆ ಕರೆಯಲೋ ಬೇಡವೋ ಎಂದು ಅನುಮಾನಿಸಿದ. ಮಳೆಯಲ್ಲಿ ನಿಂತವನನ್ನು ಹೊರಗೇ ನಿಲ್ಲಿಸುವುದು ಅವನಿಂದಾಗಲಿಲ್ಲ.

ಒಲೆಯಲ್ಲಿ ಬೂದಿ ಮಾತ್ರ ಇತ್ತು. ಒಲೆಯ ಪಕ್ಕ ಕಬ್ಬಿಣದ ಮಂಚ, ಅದರ ಮೇಲೆ ಐದಾರು ಕಂಬಳಿ. ಮಂಚದ ನಾಲ್ಕು ಕಾಲು ನೆಲಹಾಸಿನ ಆ ನಾಲ್ಕು ಗುಳಿಗಳಲ್ಲಿ ಸರಿಯಾಗಿ ಕೂತಿದ್ದವು. ಮಹಡಿಗೆ ಹೋಗುವ ಬಾಗಿಲಿನ ಸಂದಿಗೆ ಹಳೇ ಕೋಟುಗಳನ್ನು ಸುತ್ತಿ ತುರುಕಿತ್ತು. ಫರ್ಗಲ್ ಮಾತಾಡಿದರೆ ಬಾಯಿಂದ ಉಗಿ ಹೊರಬರುವುದು ಅವನಿಗೇ ಕಾಣುತ್ತಿತ್ತು.

ಮೇಲೆ ನೋಡಲೇ ಎಂದು ಕೇಳಿದ. ಮ್ಯಾಟಿ ಬೇಡವೆನ್ನಲಿಲ್ಲ. ಕೋಟುಗಳನ್ನು ಕಾಲಿನಿಂದ ಸರಿಸಿದ.

ಮೇಲೆ ಹೀಟರು ಇರಲಿಲ್ಲ, ಎರವಲು ತಂದದ್ದನ್ನು ವಾಪಸ್ಸು ಕೊಟ್ಟಾಗಿತ್ತು. ಕೆರೆಯ ಕಡೆಯ ಕೋಣೆಯಲ್ಲಿ, ರಿಯೋನಾ ತನ್ನದೆಂದು ಆರಿಸಿಕೊಂಡಿದ್ದ ಕೋಣೆಯಲ್ಲಿ, ಕಿಟಕಿ ಗಾಜಿನ ಒಳಮೈಯಲ್ಲಿ ನೀರು ಇಳಿಯುತ್ತಿತ್ತು. ಅವತ್ತು ಗಮನಿಸದ ಗೋಡೆಕಾಗದ ಮೂಲೆಯಲ್ಲಿ ಕಿತ್ತು ಜೋತುಬಿದ್ದಿತ್ತು. ಫರ್ಗಲ್ ಅಂಗೈಯನ್ನು ಗೋಡೆಗಿಟ್ಟು ತೆಗೆದು ನೋಡಿಕೊಂಡ. ಒದ್ದೆ.

ಕೆಳಗೆ ಬಂದು ಕೂತ. ಆಮೇಲೆ ಮ್ಯಾಟಿಯೇ ಹೇಳಿದ. ಆ ಕೋಣೆ ಅವನ ತಮ್ಮ ಟಾಮಿ-ಜೋನದು. ಎರಡು ಚಳಿಗಾಲ ಕೆಮ್ಮಿದ. ಮೂರನೆಯದಕ್ಕೆ ಇರಲಿಲ್ಲ. ಕೆಳಗೆ ಬಂದು ಮಲಗು ಎಂದರೆ ಕೇಳಲಿಲ್ಲ, ಅಡುಗೆಮನೆಯಲ್ಲಿ ಮಲಗುವುದು ಭಿಕ್ಷುಕರು ಎನ್ನುತ್ತಿದ್ದ. ಅವನನ್ನು ಮಣ್ಣು ಮಾಡಿ ಬಂದ ದಿನವೇ ಮ್ಯಾಟಿ ತನ್ನ ಮಂಚ ಕೆಳಗಿಳಿಸಿದ.

"ಮತ್ತೆ ಅವತ್ತು ನೀವು ಒಲೆ ಹಾಗೆ ಉರಿಸಿದ್ರಲ್ಲ," ಅಂದ ಫರ್ಗಲ್.

"ಮೂರು ದಿನ ಉರಿಸ್ದೆ. ತಿಂಗಳ ಹೆಂಟೆ ಹೋಯ್ತು." ಮ್ಯಾಟಿ ಟೋಪಿಯನ್ನು ಸರಿಮಾಡಿಕೊಂಡ. "ತಣ್ಣಗಿರೋ ಮನೆಗೆ ನೆಂಟರನ್ನ ಕರೆದ್ರೆ ನಮ್ಮಮ್ಮ ಸಮಾಧೀಲೂ ಮಗ್ಗುಲು ಬದಲಾಯಿಸ್ತಾಳೆ. ಮೋಸ ಮಾಡೋಕೆ ಉರಿಸಿದ್ದಲ್ಲ ಅಂತ ಅಂದ್ಕೊಂಡಿದ್ದೆ. ಈಗ ನೀನು ಕೇಳ್ತಿದ್ರೆ ಗೊತ್ತಾಗ್ತಿಲ್ಲ."

ಇನ್ನೊಂದು ವಿಷಯವೂ ಆಗ ಹೊರಬಂತು. ಹಿಂಭಾಗದಲ್ಲಿ ಅಣ್ಣತಮ್ಮಂದಿರು ಸೇರಿ ಕಟ್ಟಿಸಿದ ಒಂದು ಚಿಕ್ಕ ಬಚ್ಚಲುಮನೆಯಿತ್ತು. ಅದರ ಗೋಡೆಗೂ ಮಾಡಿಗೂ ಒಳ್ಳೆಯ ಪದರ ಹಾಕಿಸಿದ್ದರು. ದರ್ಜೆ ಹಾಕಲು ಬಂದವನು ಬಿಲ್ಲು ಇದೆಯೇ, ಕೆಲಸ ನಡೆಯುವಾಗ ತೆಗೆದ ಫೋಟೋ ಇದೆಯೇ ಎಂದು ಕೇಳಿದ. ಗೋಡೆ ಒಡೆದು ನೋಡುವ ಹಾಗಿಲ್ಲ, ಪುರಾವೆ ಇಲ್ಲದಿದ್ದರೆ ಅಲ್ಲಿ ಏನೂ ಇಲ್ಲವೆಂದೇ ಲೆಕ್ಕ. ಬಿಲ್ಲನ್ನು ಮ್ಯಾಟಿ ಎಂದೋ ಒಲೆ ಹೊತ್ತಿಸಲು ಹಾಕಿದ್ದ. ಕಾಗದ ಇರುವುದೇ ಅದಕ್ಕೆ ಎಂಬುದು ಆ ಕಡೆಯ ಮುದುಕರ ತಿಳಿವಳಿಕೆ. ಇದ್ದಿದ್ದರೆ ದರ್ಜೆ ಒಂದು ಮೆಟ್ಟಿಲು ಮೇಲಿರುತ್ತಿತ್ತೋ ಏನೋ.

ಫರ್ಗಲ್ ಹೇಳಬೇಕಾದದ್ದನ್ನು ಹೇಳಿದ. ಮಗಳ ಎದೆಯ ವಿಷಯ, ಆಸ್ಪತ್ರೆಯ ವಿಷಯ. ಕೊನೆಗೆ, ಕೈ ಕುಲುಕಿದ್ದೆ ಎಂದು ಶುರುಮಾಡಿದ.

"ಕೈ ಕುಲುಕಿದ್ದು ನೀನು," ಅಂದ ಮ್ಯಾಟಿ. "ಆ ಮಗು ಅಲ್ಲ. ಹೋಗು."

ಫರ್ಗಲ್ ಎದ್ದ. ಬಾಗಿಲ ಹತ್ತಿರ ಹೋದವನನ್ನು ಮ್ಯಾಟಿ ಮತ್ತೆ ಕರೆದ. ಡಬ್ಲಿನ್ನಿನವರು ಯಾರೋ ಮೊದಲೇ ಕೇಳುತ್ತಿದ್ದರು, ನೀನು ಬಿಟ್ಟರೆ ಶನಿವಾರ ಬರುತ್ತಾರೆ ಅಂದ. "ಅವರಿಗೆ ಅಡುಗೆಮನೇಲಿ ಮಂಚ ಕಾಣೋದು ಬೇಡ, ಇದನ್ನ ಮೇಲೆ ಸಾಗಿಸ್ಬೇಕು. ಹೋದ ಸಲ ಒಬ್ಬನೇ ಹೊತ್ತು ಸೊಂಟ ಹಿಡ್ಕೊಂಡಿತ್ತು. ಒಂದು ಕೈ ಹಾಕ್ತೀಯಾ?"

ಮಾತು ಮುರಿದವನಿಗೆ ಇದನ್ನೂ ಇಲ್ಲವೆನ್ನುವ ಮುಖ ಇರಲಿಲ್ಲ. ಫರ್ಗಲ್ ಒಂದು ತುದಿ ಹಿಡಿದ. ಮಂಚವನ್ನು ಇಬ್ಬರೂ ಮಹಡಿಗೆ ಹೊತ್ತು, ಟಾಮಿ-ಜೋನ ಕೋಣೆಯ ಒದ್ದೆ ಗೋಡೆಗೆ ಒತ್ತಿ ಇಟ್ಟರು.

ಮನೆಗೆ ಬಂದು ಊನಾಗೆ ಎಲ್ಲವನ್ನೂ ಹೇಳಿದ. ಮಂಚ ಹೊತ್ತದ್ದನ್ನು ಹೇಳಲಿಲ್ಲ. ಅವಳು ನಾನು ಹೇಳಿರಲಿಲ್ಲವೇ ಎಂದು ಕೆಣಕಲಿಲ್ಲ. ಅದಕ್ಕೆ ಪುರುಸೊತ್ತೂ ಇರಲಿಲ್ಲ, ಇರುವ ಮನೆ ಬಿಡಲು ಎರಡು ತಿಂಗಳಷ್ಟೇ ಉಳಿದಿತ್ತು. ಅಲ್ಲಿಂದಾಚೆ ಜಾಹೀರಾತು ಸಿಕ್ಕರೆ ಮೊದಲು ಮೂಲೆ ನೋಡುವವನು ಫರ್ಗಲನೇ ಆದ. ಅಕ್ಷರ ನೋಡಿ, ಆಮೇಲೆ ಹಾಳೆಗಳನ್ನು ತರಿಸಿ, ಅವುಗಳನ್ನು ನೂಲಾಳ ಮುಂದೆ ಇಟ್ಟು, ಆಮೇಲೆ ಮಳೆ ಬರುವ ದಿನ ಆರಿಸಿ ಮನೆ ನೋಡಲು ಹೋಗುತ್ತಿದ್ದ. ಪೇಟೆಯ ಹಿಂದೆ ಸಾಲುಮನೆಗಳಲ್ಲಿ ಸಿ ದರ್ಜೆಯದೊಂದು ಸಿಕ್ಕಿತು. ಕೆರೆ ಇಲ್ಲ, ಗುಡ್ಡ ಇಲ್ಲ, ಕಿಟಕಿ ತೆರೆದರೆ ಟೈರು ಅಂಗಡಿಯ ಗೋಡೆ. ಬೆಂಕಿಪೊಟ್ಟಣ ಎಂದು ಫರ್ಗಲ್ ಬೈದ, ಬೈಯುತ್ತಲೇ ಮುಂಗಡ ಕೊಟ್ಟ. ಕಾಗದಪತ್ರ ಮುಗಿಯುವ ತನಕ ಊನಾಳ ಅಕ್ಕನ ಮನೆಯ ಒಂದು ಕೋಣೆಯಲ್ಲಿ ಮೂವರೂ ಮುದುಡಿಕೊಂಡು ಚಳಿಗಾಲ ಕಳೆದರು. ಜಗಳಗಳಾದವು. ಆ ಜನವರಿಯಲ್ಲೂ ರಿಯೋನಾ ಕೆಮ್ಮಿದಳು, ಆದರೆ ಆಸ್ಪತ್ರೆಗೆ ಹೋಗಲಿಲ್ಲ.

ಡಬ್ಲಿನ್ನಿನವರು ಮ್ಯಾಟಿಯ ಮನೆಯನ್ನು ಸಾಲವಿಲ್ಲದೆ ಒಂದೇ ಕಂತಿನಲ್ಲಿ ಕೊಂಡು, ಡಿಸೆಂಬರ್ ಮೊದಲ ವಾರದಲ್ಲೇ ಬಂದು ಸೇರಿದ್ದರು. ಕೆಲಸ ಮುಗಿಸಿ ಬರುವ ದಾರಿಯಲ್ಲಿ ಫರ್ಗಲನಿಗೆ ಆ ಮನೆ ಕಾಣುತ್ತಿತ್ತು. ಮೊದಲ ವಾರ ಸಂಜೆ ಐದಕ್ಕೆ ಎಲ್ಲ ಕಿಟಕಿಗಳಲ್ಲೂ ಬೆಳಕಿತ್ತು. ಕ್ರಿಸ್‌ಮಸ್ ಹೊತ್ತಿಗೆ ಮಹಡಿಯಲ್ಲಿ ಒಂದೇ ಕಿಟಕಿ. ಜನವರಿ ಕೊನೆಗೆ ಮಹಡಿ ಪೂರ್ತಿ ಕತ್ತಲು, ಅಡುಗೆಮನೆಯಲ್ಲಿ ಮಾತ್ರ ಬೆಳಕು. ಎಲ್ಲರೂ ಮಂಚಗಳನ್ನು ಕೆಳಗಿಳಿಸಿದ್ದಾರೆ ಎಂದು ಅವನಿಗೆ ತಿಳಿಯಿತು.

ಆ ಮನೆಯ ಹೆಂಗಸು ಒಂದು ದಿನ ಪೆಟ್ರೋಲು ಬಂಕಿನಲ್ಲಿ ಸಿಕ್ಕಳು. ಹೀಟರಿಗೆಂದು ಎರಡು ಡಬ್ಬಗಳಿಗೆ ಸೀಮೆಎಣ್ಣೆ ತುಂಬಿಸುತ್ತಿದ್ದಳು. ಕಾರಿನ ಹಿಂದಿನ ಸೀಟಿನಲ್ಲಿ ವಯಸ್ಸಾದ ತಾಯಿ, ಕೊರಳವರೆಗೆ ಕಂಬಳಿ. ಫರ್ಗಲ್ ತನ್ನ ಪರಿಚಯ ಹೇಳಿ, ಮನೆ ಹೇಗಿದೆ ಎಂದು ಕೇಳಿದ.

"ನಾವು ನೋಡೋಕೆ ಬಂದ ದಿನ ಎಷ್ಟು ಬೆಚ್ಚಗಿತ್ತು ಗೊತ್ತಾ," ಅಂದಳು ಅವಳು. ದರ್ಜೆಯ ಕಾಗದ ನೋಡಿದ್ದಿರಾ ಎಂದು ಕೇಳಿದ್ದಕ್ಕೆ, ಇತ್ತು, ವಕೀಲರ ಕಡತದಲ್ಲಿತ್ತು ಅಂದಳು.

ಫರ್ಗಲ್ ಅವಳ ಡಬ್ಬಗಳನ್ನು ಎತ್ತಿ ಕಾರಿಗೆ ಇಟ್ಟುಕೊಟ್ಟ. ನೂಲಾಳ ನಂಬರು ಬರೆದುಕೊಟ್ಟ. ಗೋಡೆ ಒಣಗದೆ ಹಲಗೆ ಹೊಡೆಸಬೇಡಿ, ಒಪ್ಪಿಗೆ ಬರುವ ಮೊದಲು ಕೆಲಸ ಶುರುಮಾಡಬೇಡಿ ಎಂದು ಹೇಳಿದ. ಹಿಂದಿನ ಸೀಟಿನಲ್ಲಿದ್ದ ಮುದುಕಿ ಆಗ ಕೆಮ್ಮತೊಡಗಿದಳು. ಆ ಕೆಮ್ಮು ಅವನಿಗೆ ಪರಿಚಿತ. ಆ ಮಂಚದ ಒಂದು ತುದಿ ಹಿಡಿದವನು ನಾನೇ ಎಂದು ಹೇಳಬೇಕೆಂದುಕೊಂಡ. ಹೇಳಲಿಲ್ಲ. ಆ ಸಂಜೆ ಊನಾಗೆ ಹೇಳಿದ.

ಇದನ್ನು ಓದುತ್ತಿರುವ ನೀವು ಮನೆ ಕೊಳ್ಳುವವರಿದ್ದರೆ, ಕಿಟಕಿಯಿಂದ ಕಾಣುವ ಕೆರೆಯನ್ನು ಆಮೇಲೆ ನೋಡಿ. ಮೊದಲು ಜಾಹೀರಾತಿನ ಮೂಲೆಯ ಅಕ್ಷರ ನೋಡಿ, ಪೂರ್ತಿ ಪ್ರಮಾಣಪತ್ರವನ್ನು ಕೇಳಿ ತೆಗೆದುಕೊಳ್ಳಿ, ತಾರೀಖು ನೋಡಿ, ಅರ್ಥವಾಗದಿದ್ದರೆ ಅರ್ಥವಾಗುವವರ ಹತ್ತಿರ ಓದಿಸಿ. ಕೆಳಗಿನ ದರ್ಜೆಯ ಮನೆ ಕೊಳ್ಳಲೇಬಾರದು ಎಂದಲ್ಲ. ಸರಿಮಾಡಲು ಎಷ್ಟು ಖರ್ಚು, ಎಷ್ಟು ತಿಂಗಳು ಎಂದು ತಿಳಿದು, ಅದನ್ನು ಬೆಲೆಯಲ್ಲಿ ಇಳಿಸಿಕೊಂಡು ಕೊಳ್ಳಿ. ಸಹಿ ಹಾಕುವ ತನಕ ಕೇಳುವ ಹಕ್ಕು ನಿಮ್ಮದು, ಹಾಕಿದ ಮೇಲೆ ಚಳಿ ನಿಮ್ಮದು.

ಮಾರುವವರಿದ್ದರೆ, ಗೋಡೆಯೊಳಗೆ ಮಾಡಿಸಿದ ಕೆಲಸದ ಬಿಲ್ಲು, ಫೋಟೋ ಒಲೆಗೆ ಹಾಕಬೇಡಿ. ಅವಿಲ್ಲದೆ ನಿಮ್ಮ ಒಳ್ಳೆಯ ಗೋಡೆಗೂ ಬೆಲೆ ಬರುವುದಿಲ್ಲ. ನೆಂಟರು ಬಂದರೆ ಬೆಂಕಿ ಹಾಕಿ, ಅದು ಮರ್ಯಾದೆ. ಆದರೆ ದರ್ಜೆಯ ಕಾಗದವನ್ನು ಬ್ರೆಡ್ಡಿನ ತಟ್ಟೆಯ ಪಕ್ಕದಲ್ಲೇ ಇಡಿ.

ಮತ್ತೆ, ಇನ್ನೊಬ್ಬರ ಮಂಚವನ್ನು ಮಹಡಿಗೆ ಹೊರಲು ಯಾರಾದರೂ ಕರೆದರೆ, ಒಂದು ಕ್ಷಣ ನಿಂತು ಶನಿವಾರ ಬರುವವರು ಯಾರು ಎಂದು ಯೋಚಿಸಿ.